ಪ್ರೊ. ಮಸೂತಿಯವರ ನಾಲ್ಕನೇ ಅಧ್ಯಾಯ

ರಿಬ್ಬನ್ ಬಿಚ್ಚಿ, ಬಣ್ಣದ ಕಾಗದ ಹರಿದು, ಪ್ರೊ. ಸಿದ್ದರಾಮಪ್ಪ ಮಸೂತಿಯವರು ತಮ್ಮ ಅಭಿನಂದನ ಗ್ರಂಥವನ್ನು ಎದೆಗೆ ಹಿಡಿದು ನಿಂತರು. ಮುಖಪುಟದಿಂದ ಸಭೆಯನ್ನು ನೋಡಿ ನಕ್ಕದ್ದು ಮಾತ್ರ ಬೇರೆ ಯಾರದೋ ಮೀಸೆ. ಅದು ಅಭಿನಂದನ ಸಮಿತಿಯ ಅಧ್ಯಕ್ಷರೂ ಮಾಟುಂಗದ ಹೋಟೆಲ್ ಮಾಲೀಕರೂ ಆದ ಕೊರಗಪ್ಪನವರ ಮೀಸೆ. ಮಸೂತಿಯವರ ಕೈಯಲ್ಲಿದ್ದದ್ದು ಕೊರಗಪ್ಪನವರ ಅರವತ್ತಕ್ಕೆ ಹೊರಬಂದು ಗೋದಾಮಿನಲ್ಲಿ ಉಳಿದಿದ್ದ ಗ್ರಂಥ, ‘ಕೊರಗದ ಕೊರಗಪ್ಪ’.

ಮಸೂತಿಯವರ ಗ್ರಂಥ ಮುದ್ರಣಾಲಯದಿಂದ ಬಂದೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಅದೇ ದಪ್ಪದ ಇನ್ನೊಂದು ಪುಸ್ತಕವನ್ನು ಕಟ್ಟಿ ಹರಿವಾಣದಲ್ಲಿಡುವುದು, ಬೆನ್ನುಪುಟವನ್ನಷ್ಟೇ ಕ್ಯಾಮೆರಾಗೆ ತೋರಿಸಿ ಬಿಡುಗಡೆ ಮುಗಿಸುವುದು ನಮ್ಮ ವಿದ್ವತ್ ವಲಯದಲ್ಲಿ ನಡೆದುಬಂದ ಪದ್ಧತಿ. ಈ ಸಲ ಬೆನ್ನು ತೋರಿಸಬೇಕೆಂದು ಮಸೂತಿ ಸರ್‌ಗೆ ಹೇಳಲು ಮರೆತಿದ್ದರು. ಸಭೆಯೆಲ್ಲ ಕಿಸಕ್ಕೆಂದರೂ ಸರ್ ಮಾತ್ರ ಗಂಭೀರವಾಗಿ ಮೂರು ದಿಕ್ಕಿಗೂ ತಿರುಗಿ ಫೋಟೊ ತೆಗೆಸಿಕೊಂಡರು. ಕೈಯಲ್ಲಿದ್ದುದನ್ನು ಅವರು ನೋಡಿರಲೇ ಇಲ್ಲ.

ಆ ಗ್ರಂಥ ಇನ್ನೂ ಬಂದಿಲ್ಲ. ತಡವಾದದ್ದೇ ಒಳ್ಳೆಯದಾಯಿತೆಂದು ಸಂಪಾದಕರು ನನ್ನಿಂದಲೂ ಒಂದು ಸವಿನೆನಪು ಕೇಳಿದ್ದಾರೆ. ಹದಿನೆಂಟು ವರ್ಷ ಸರ್ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತ ನನ್ನ ನೆನಪಿನಲ್ಲಿ ಸವಿ ಕಡಿಮೆ, ಸವೆತ ಹೆಚ್ಚು. ಆದರೂ ಬರೆಯುತ್ತೇನೆ.

ಮಸೂತಿ ಸರ್ ವಿಜಯಪುರದ ಕಡೆಯಿಂದ ಬಂದು ಮೂವತ್ತನಾಲ್ಕು ವರ್ಷ ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮುಲುಂಡಿನಿಂದ ಮಾಟುಂಗದ ತನಕ ಅವರನ್ನು ಪ್ರೀತಿಸದ ಕನ್ನಡಿಗನಿಲ್ಲ. ಕಾರಣ ಸರಳ. ಅವರು ಯಾರಿಗೂ ‘ಇಲ್ಲ’ ಎಂದವರಲ್ಲ. ಮುನ್ನುಡಿ ಕೇಳಿದರೆ ಮುನ್ನುಡಿ, ಬೆನ್ನುಡಿ ಕೇಳಿದರೆ ಬೆನ್ನುಡಿ. ನೂರ ಅರವತ್ತು ಮುನ್ನುಡಿಗಳಲ್ಲಿ ನೂರ ಅರವತ್ತು ಸಲ ‘ಈ ಕೃತಿ ಕನ್ನಡಕ್ಕೊಂದು ಹೊಸ ಬೆಳಕು’ ಎಂದು ಬರೆದರು. ಇಷ್ಟು ದೀಪ ಹಚ್ಚಿದ ಮಹಾನುಭಾವರ ಮುಲುಂಡಿನ ಫ್ಲ್ಯಾಟಿನಲ್ಲಿ ಆ ಕೃತಿಗಳು ಮಂಚದಡಿಯ ಕತ್ತಲಲ್ಲಿ, ಕಟ್ಟಿದ ದಾರ ಬಿಚ್ಚದೆ ಬಿದ್ದಿದ್ದವು. ಸರ್ ಓದುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ರೀತಿಯ ಗುಟ್ಟೂ ಅದೇ. ಓದುವವರು ತಪ್ಪು ಹುಡುಕುತ್ತಾರೆ. ಅಂಥವರಿಗೆ ನಮ್ಮಲ್ಲಿ ಶಾಲು ಹೊದಿಸುವುದಿಲ್ಲ.

ಈ ಪ್ರೀತಿಗೆ ಬೆಲೆ ತೆತ್ತವಳು ಅನುರಾಧಾ. ನಮ್ಮ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ಅಧ್ಯಾಪಕಿ. ಮನೆ ಆಂಟಾಪ್ ಹಿಲ್‌ನಲ್ಲಿ. ಅವಳ ಓಣಿಯ ಹೆಂಗಸರು ಕಟ್ಟಡದ ಕೆಲಸಕ್ಕೆ ಹೋಗುವವರು. ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುವಾಗ ಹಾಡುತ್ತಾರೆ. ಅನುರಾಧಾ ಆ ಹಾಡುಗಳ ಬೆನ್ನು ಹತ್ತಿದಳು. ಮೊದಲ ಸೊಲ್ಲು ಎತ್ತುವ ಹನುಮವ್ವ ಇಡೀ ಹಾಡು ಹೇಳಿಕೊಟ್ಟು ಕೊನೇ ಸಾಲು ಮಾತ್ರ ನುಂಗಿಕೊಂಡುಬಿಟ್ಟಳು. ಅನುರಾಧಾ ನಾಲ್ಕು ಭಾನುವಾರ ಸಿಮೆಂಟಿನ ಧೂಳಿನಲ್ಲಿ ನಿಂತಳು. ಸ್ಲ್ಯಾಬ್ ತುಂಬಿದ ದಿನ, ಕಟ್ಟಕಡೆಯ ಬಾಂಡ್ಲಿ ಮೇಲೆ ಹೋದ ಮೇಲೆ ಹನುಮವ್ವ ಆ ಸಾಲು ಹಾಡಿದಳು.

“ಮೊದಲs ಯಾಕ ಹೇಳಲಿಲ್ಲ ಹನುಮವ್ವ?”

“ಹಾಡು ಮುಗೀತಂದ್ರ ಕೈ ನಿಲ್ತಾವ್ರೀ ಅಕ್ಕೋರ. ಕೆಲಸ ಬಾಕಿ ಇದ್ದಾಗ ಮುಗಸಬಾರದು.”

ಇದೇ ಅವಳು ಬರೆದ ಪುಸ್ತಕದ ನಾಲ್ಕನೇ ಅಧ್ಯಾಯ. ಆರು ವರ್ಷದ ಶ್ರಮವನ್ನು ಟೈಪ್ ಮಾಡಿಸಿ, “ಒಮ್ಮೆ ನೋಡಿಕೊಡಿ ಸರ್” ಎಂದು ಮಸೂತಿಯವರ ಮೇಜಿನ ಮೇಲಿಟ್ಟಳು. ಅವಳ ಹೆಸರಿದ್ದ ಮೊದಲ ಹಾಳೆಯನ್ನು ಸರ್ ಚಹಾದ ಲೋಟದಡಿ ಹಾಕಿಕೊಂಡರು. ಉಳಿದದ್ದು ಕೊರಗಪ್ಪನವರ ಕಣ್ಣಿಗೆ ಬಿತ್ತು. “ಇದು ನಿಮ್ಮದಾ ಸರ್? ನಾವೇ ಪ್ರಿಂಟ್ ಮಾಡಿಸುವ!” ಎಂದರು. ಸರ್ ಯಾರಿಗೂ ‘ಇಲ್ಲ’ ಎಂದವರಲ್ಲ ಎಂದು ಆಗಲೇ ಹೇಳಿದೆನಲ್ಲ.

‘ಬಾಂಡ್ಲಿಯ ಹಾಡು’ ಹೊರಬಂತು, ಲೇಖಕರು ಪ್ರೊ. ಸಿದ್ದರಾಮಪ್ಪ ಮಸೂತಿ. ಹಿಂದೆಯೇ ಪ್ರಶಸ್ತಿ ಬಂತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪಕ್ಕದವಳ ಉತ್ತರ ಇಣುಕಿ ಬರೆದರೆ ಮಂಡಿಯೂರಿಸುತ್ತಿದ್ದರು. ಇಲ್ಲಿ ಇಣುಕಿಯೂ ನೋಡದವರನ್ನು ವೇದಿಕೆಗೆ ಹತ್ತಿಸಿದರು.

ಅನುರಾಧಾ ಹೋಗಿ, ಪುಸ್ತಕ ನನ್ನದೆಂದು ಒಂದು ಪತ್ರ ಬರೆದುಕೊಡಿ ಎಂದಳು. “ಎಲ್ಲಾರಿಗೂ ಗೊತ್ತೈತಿ ಬಿಡವಾ, ಅದಕ್ಕ ಪತ್ರ ಯಾಕ?” ಎಂದು ಸರ್ ಅವಳಿಗೂ ಚಹಾ ತರಿಸಿದರು. ನೋಡಿ, ಅಲ್ಲಿಯೂ ‘ಇಲ್ಲ’ ಎನ್ನಲಿಲ್ಲ.

ಗ್ರಂಥ ಬಿಡುಗಡೆಯ ಹೊತ್ತಿಗೆ ಸರ್ ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಗಿತ್ತು. ಆ ಕಾಯಂ ಹುದ್ದೆಗೆ ಸಂದರ್ಶನ ಸೋಮವಾರ. ಹುದ್ದೆ ಬೇರೆಯವರಿಗೆ ಹೋದರೆ ಅನುರಾಧಾಳ ತಾತ್ಕಾಲಿಕ ಕೆಲಸವೂ ಹೋದಂತೆ. ಆಯ್ಕೆ ಸಮಿತಿಯ ಅಧ್ಯಕ್ಷ ಡಾ. ಬಸವಂತರಾಯರ ಬಳಿ ನಿಜ ಹೇಳಿಕೊಂಡಿದ್ದಳು. ಅವರು ನಿಷ್ಠುರದ ಮನುಷ್ಯ. “ಪುಸ್ತಕದ ಮ್ಯಾಲ ಸರ್ ಹೆಸರೈತ್ರಿ ಮೇಡಂ. ನಿಮ್ಮದು ಅನ್ನೂದು ಅವರ ಬಾಯಿಂದ ಬರಬೇಕು. ಅಲ್ಲೀತನಕಾ ನಿಮ್ಮ ಅರ್ಜಿಯೊಳಗ ಪ್ರಕಟಣೆ ಸೊನ್ನೆ.”

ಆ ಶನಿವಾರ ಬೆಳಿಗ್ಗೆಯ ಬಿಡುಗಡೆಗೆ ಬಸವಂತರಾಯರೇ ಮುಖ್ಯ ಅತಿಥಿ. ಗ್ರಂಥದ ಬಗ್ಗೆ ಒಂದು ತಾಸು ಮಾತಾಡಬೇಕಿತ್ತು, ಗ್ರಂಥವೇ ಇಲ್ಲ. ಕೊರಗಪ್ಪನವರು ಮೈಕ್ ಹಿಡಿದರು.

“ಊಟ ಒಂದು ಗಂಟೆಗೆ ಮಾರಾಯ್ರೇ, ಈಗಲೇ ಬಡಿಸ್ಲಿಕ್ಕೆ ಆಗುದಿಲ್ಲ. ಅಲ್ಲಿವರೆಗೆ ಸರ್ ಹತ್ರ ಎಂತಾದ್ರೂ ಕೇಳಿ!”

ಒಬ್ಬರು ಸರ್ ಅವರ ಆರೋಗ್ಯದ ಗುಟ್ಟು ಕೇಳಿದರು. ಇನ್ನೊಬ್ಬರು ಜೋಳದ ರೊಟ್ಟಿ ಮತ್ತು ನೀರು ದೋಸೆಗಳ ತೌಲನಿಕ ಅಧ್ಯಯನಕ್ಕೆ ಎಳೆದರು. ಆಮೇಲೆ ಅನುರಾಧಾ ಎದ್ದಳು.

“ಸರ್, ‘ಬಾಂಡ್ಲಿಯ ಹಾಡು’ ಪುಸ್ತಕದ ಬಗ್ಗೆ ಒಂದು ಡೌಟ್ ಇದೆ.”

“ಕೇಳವಾ, ಕೇಳು.”

“ಹನುಮವ್ವ ಹಾಡಿನ ಕೊನೇ ಸಾಲನ್ನ ಮೊದಲೇ ಯಾಕೆ ಹೇಳಿಕೊಡಲಿಲ್ಲ?”

“ಭಾಳ ಮಾರ್ಮಿಕ ಪ್ರಶ್ನಿ!” ಎಂದರು ಸರ್. ಉತ್ತರಕ್ಕೆ ಮೊದಲೇ ಚಪ್ಪಾಳೆ ಬಿತ್ತು. “ನೋಡವಾ, ಜನಪದಕ್ಕ ಕೊನೇ ಸಾಲು ಅನ್ನೂದs ಇಲ್ಲ. ಅದು ಅನಂತ!” ಮತ್ತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಯಾರೋ ‘ಅನಂತ’ ಎಂದು ಬರೆದುಕೊಂಡರು.

ಅನುರಾಧಾ ಕೂರಲಿಲ್ಲ. ಬಸವಂತರಾಯರು ಚಪ್ಪಾಳೆ ತಟ್ಟಲಿಲ್ಲ. ಕನ್ನಡಕ ಮೇಲೇರಿಸಿ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

“ಸರ್, ಅನಂತ ಇರ್ಲಿ. ಆ ಮೇಡಂ ಕೇಳಿದ್ದಕ್ಕ ಉತ್ತರ ನಿಮ್ಮ ನಾಲ್ಕನೇ ಅಧ್ಯಾಯದಾಗs ಐತಿ. ಅಲ್ಲಿ ಏನ್ ಬರದೀರಿ, ಅಷ್ಟs ಹೇಳ್ರಿ.”

ಮಸೂತಿ ಸರ್ ಕೊರಗಪ್ಪನವರ ಮೀಸೆಯನ್ನು ತೊಡೆಯ ಮೇಲೆ ಮಲಗಿಸಿ, ನಿಜವಾದ ಕುತೂಹಲದಿಂದ ಬಸವಂತರಾಯರ ಕಡೆ ತಿರುಗಿದರು.

“ಹೌದಾ? ಅದರಾಗ ನಾಲ್ಕನೇದೂ ಒಂದು ಐತೇನ್ರೀ?”