ಪಡುವಣ ಕಿಟಕಿಯ ಲಾವಂಚದ ತಟ್ಟಿ

ನನ್ನ ಹೆಂಡತಿಗೆ ದಮ್ಮು ಇತ್ತು. ಮಳೆಗಾಲ, ಚಳಿಗಾಲ ಹೇಗೋ ಕಳೆಯುತ್ತಿದ್ದವು. ಶಿವರಾತ್ರಿ ದಾಟಿ, ಎರೆಹೊಲಗಳು ಬಿರಿದು, ಪಡುವಣ ಗಾಳಿ ಆ ಕರಿ ಧೂಳನ್ನು ಎತ್ತಿಕೊಂಡು ಊರೊಳಗೆ ಬರತೊಡಗಿದರೆ ಅವಳ ಮಾತು ತುಂಡಾಗುತ್ತಿತ್ತು. ಎರಡು ಶಬ್ದ ಆಡಿ ನಿಲ್ಲುವಳು, ಉಸಿರು ಎಳೆದುಕೊಳ್ಳುವಳು, ಮತ್ತೆ ಎರಡು ಶಬ್ದ. ಎರಡನೆಯ ಯುದ್ಧ ಶುರುವಾಗುವ ಮುಂಚಿನ ಮಾತಿದು. ಆಗ ನಾನು ಕಾಲುವೆ ಕಚೇರಿಯಲ್ಲಿ ಅಳತೆಯ ಕಾರಕೂನ. ಗೋಕಾಕದಿಂದ ಮೂಡಲಗಿಗೆ ವರ್ಗವಾಗಿ, ಊರ ಅಂಚಿನಲ್ಲಿ ಒಂದು ಮಣ್ಣಿನ ಮಾಳಿಗೆಯ ಮನೆ ಹಿಡಿದಿದ್ದೆ. ಮನೆಗೆ ಒಂದೇ ದೊಡ್ಡ ಕಿಟಕಿ, ಅದೂ ಪಡುವಣಕ್ಕೆ, ಹೊಲಗಳ ಕಡೆಗೆ. ಒಂದೇ ಬಾಗಿಲು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ.

ಗೋಕಾಕ ಬಿಡುವ ಮುಂಚೆ ದವಾಖಾನೆಯ ಡಾಕ್ಟರರು ಅವಳನ್ನು ನೋಡಿ, "ಧೂಳು ಒಳಗ ಬರಬಾರ್ದು, ಗಾಳಿ ಒಳಗ ನಿಂದರಬಾರ್ದು. ಎರಡೂ ನೋಡ್ಕೋರಿ," ಎಂದಿದ್ದರು. ಧೂಳಿನ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಗಾಳಿಯ ಮಾತಿಗೆ ನಾನು ಅಷ್ಟು ಗಮನ ಕೊಡಲಿಲ್ಲ.

ಮೊದಲ ಎರಡು ಬೇಸಿಗೆ ನಮ್ಮನ್ನು ಕಾಪಾಡಿದ್ದು ಲಾವಂಚದ ಒಂದು ಹಳೆಯ ತಟ್ಟಿ. ವರ್ಗವಾಗಿ ಹೋಗುವಾಗ ನಮ್ಮ ಮೇಲಧಿಕಾರಿಯೊಬ್ಬರು ತಮ್ಮ ಬಂಗಲೆಯದನ್ನು ನನಗೆ ಬಿಟ್ಟುಹೋಗಿದ್ದರು. ಬಿದಿರಿನ ಚೌಕಟ್ಟು, ಅದರ ನಡುವೆ ಹರಡಿ ಬಿಗಿದ ಲಾವಂಚದ ಬೇರು. ಅದನ್ನು ಕಿಟಕಿಯ ಹೊರಗೆ ತೂಗುಹಾಕಿ, ತಾಸಿಗೊಮ್ಮೆ ತಂಬಿಗೆಯಿಂದ ನೀರು ಚಿಮುಕಿಸಬೇಕು. ಬಿಸಿಗಾಳಿ ಆ ಒದ್ದೆ ಬೇರುಗಳ ಸಂದಿಯಿಂದ ಬರುವಾಗ ತಂಪಾಗುತ್ತಿತ್ತು, ಧೂಳು ಬೇರಿಗೆ ಅಂಟಿ ಹೊರಗೇ ಉಳಿಯುತ್ತಿತ್ತು. ಆ ಎರಡು ಬೇಸಿಗೆಗಳ ಮಧ್ಯಾಹ್ನ ಅವಳು ಮಲಗಿ ನಿದ್ದೆ ಮಾಡಿದಳು.

ಮೂರನೆಯ ವರ್ಷ ಮಾಘದಲ್ಲಿ ಅಟ್ಟದಿಂದ ಅದನ್ನು ಇಳಿಸಿದೆ. ಚೌಕಟ್ಟು ನನ್ನ ಕೈಯಲ್ಲೇ ಮುರಿಯಿತು. ಗೆದ್ದಲು ಒಳಗಿಂದ ತಿಂದು, ಹೊರಗಿನ ಸಿಪ್ಪೆಯನ್ನಷ್ಟೇ ಬಿಟ್ಟಿತ್ತು. ಬೇರು ಮುಟ್ಟಿದರೆ ನಶ್ಯದ ಹಾಗೆ ಉದುರಿತು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಬೇಸಿಗೆಗೆ ಇನ್ನು ತಿಂಗಳೊಪ್ಪತ್ತು ಇತ್ತು.

ಹೊಸದನ್ನು ಹುಡುಕತೊಡಗಿದೆ. ಮೊದಲು ಕಿಟಕಿಯನ್ನು ಅಳೆದೆ. ಮರುದಿನ ಸಂಶಯ ಬಂದು ಮತ್ತೆ ಅಳೆದೆ. ಮೂರನೆಯ ದಿನ ಟೇಪು ಹಿಡಿದು ಏಣಿ ಹತ್ತಿದಾಗ ಅವಳು ಒಲೆಯ ಮುಂದಿನಿಂದಲೇ ಕೂಗಿದಳು:

"ಏನ್ರಿ, ಕಿಡಕಿ ಏನ್ ದಿನಾ ಬೆಳೀತೈತೇನ್ರಿ?"

"ಒಂದ್ ಇಂಚ್ ಸಂದಿ ಉಳದ್ರೂ ಧೂಳ್ ಬರತೈತಿ."

"ಬರ್ಲಿ ಬಿಡ್ರಿ. ಒಂದ್ ಇಂಚ್ ಧೂಳಿಗೆ... ನಾ ಸಾಯಂಗಿಲ್ಲ."

ಗೋಕಾಕದ ಪೇಟೆಯಲ್ಲಿ ಲಾವಂಚ ಸಿಕ್ಕಿತು, ಆದರೆ ಕುಡಿಯುವ ನೀರಿನ ಹೂಜಿಗೆ ಹಾಕುವಷ್ಟು ಸಣ್ಣ ಕಟ್ಟುಗಳಲ್ಲಿ. ತಟ್ಟಿ ಕೇಳಿದರೆ ಅಂಗಡಿಯವರು ನಕ್ಕರು. ಅದು ಸಾಹೇಬರ ವಸ್ತು, ಕಾರಕೂನರ ಮನೆಗೆ ಯಾಕೆ ಎಂಬಂತಿತ್ತು ಆ ನಗು. ಕೊನೆಗೆ ಒಬ್ಬರು, ಹುಕ್ಕೇರಿಯಲ್ಲಿ ಅತ್ತರು ಮಾರುವ ಮುದುಕರೊಬ್ಬರಿದ್ದಾರೆ, ಬಂಗಲೆಗಳಿಗೆ ತಟ್ಟಿ ಮಾಡಿಸಿಕೊಡುತ್ತಾರೆ ಎಂದರು. ರಜೆ ಹಾಕಿ ಹೊರಟೆ. ಹತ್ತರಗಿಯವರೆಗೆ ಮೋಟಾರು, ಅಲ್ಲಿಂದ ಎತ್ತಿನ ಗಾಡಿ.

ಅತ್ತರಿನವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ತಟ್ಟಿಗಳಿದ್ದವು. ಒಂದು ನನ್ನ ಅಳತೆಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಅದನ್ನು ಬಾಗಿಲಿಗೆ ಎತ್ತಿ ಹಿಡಿದು ನೋಡಿದೆ. ಬೇರುಗಳ ನಡುವೆ ಬೀದಿ ಕಾಣುತ್ತಿತ್ತು. ಒಂದು ಆಡು ಹಾದುಹೋದದ್ದೂ ಕಾಣಿಸಿತು.

"ಇಷ್ಟ ತೆಳ್ಳಗ ಐತಲ್ರಿ ಚಾಚಾ?"

"ತೆಳ್ಳಗ ಇರಬೇಕ್ರಿ ಕಾರಕೂನ್ ಸಾಹೇಬ್. ಕಂಬಳಿ ಅಲ್ಲ ಇದು."

"ಮನ್ಯಾಗ ದಮ್ಮಿನ ಪೇಶಂಟ್ ಅದಾರ್ರಿ. ಧೂಳು ನಿಲ್ಲಬೇಕು."

ಮುದುಕರು ನನ್ನ ಮುಖ ನೋಡಿದರು. "ಅದಕ್ಕ ಹೇಳಾಕತ್ತೇನಿ, ಇದನ್ನ ಒಯ್ರಿ," ಎಂದರು. ನಾನು ಒಯ್ಯಲಿಲ್ಲ. ಬೀದಿ ಕಾಣುವ ತಟ್ಟಿಯಿಂದ ಧೂಳು ಹೇಗೆ ನಿಂತೀತು ಎಂಬುದು ನನ್ನ ಲೆಕ್ಕ. ಎರಡು ತಟ್ಟಿಗೆ ಆಗುವಷ್ಟು ಬೇರನ್ನು ಕಟ್ಟು ಕಟ್ಟಿಸಿಕೊಂಡು ಮೂಡಲಗಿಗೆ ಬಂದೆ.

ಮೂಡಲಗಿಯ ಸಂತೆಯ ಬಯಲಿನ ಆಚೆ ಬುಟ್ಟಿ ಹೆಣೆಯುವ ಒಬ್ಬ ಅಜ್ಜಿ ಇದ್ದಳು. ಬಿದಿರು ಸೀಳುವುದರಲ್ಲಿ ಅವಳ ಕೈ ಪಳಗಿತ್ತು. ಅವಳ ಮುಂದೆ ಬೇರಿನ ಕಟ್ಟು ಇಳಿಸಿ, ಅಳತೆಯ ಚೀಟಿ ಓದಿ ಹೇಳಿದೆ. ಅವಳು ಚೀಟಿಯನ್ನು ಕೇಳಿಸಿಕೊಳ್ಳದೆ, ತಾನೇ ಮನೆಗೆ ಬಂದು ಕಿಟಕಿಗೆ ಒಂದು ಹಗ್ಗ ಹಿಡಿದು ಅಳತೆಯ ಗಂಟು ಹಾಕಿಕೊಂಡು ಹೋದಳು. ಮೂರು ದಿನದ ಮೇಲೆ ಹೋಗಿ ನೋಡಿದರೆ ಚೌಕಟ್ಟು ತಯಾರಾಗಿತ್ತು, ಅದರ ತುಂಬ ಬೇರು ತೆಳ್ಳಗೆ ಹರಡಿ ಮುಗಿದಿತ್ತು. ಅರ್ಧ ಕಟ್ಟು ಹಾಗೆಯೇ ಉಳಿದಿತ್ತು.

"ಎಲ್ಲಾ ಹಾಕವ್ವಾ," ಎಂದೆ.

"ಎಲ್ಲಾ? ಯಪ್ಪಾ, ನಾ ತಟ್ಟಿ ಹೆಣೀಬೇಕೋ, ಗ್ವಾಡಿ ಕಟ್ಟಬೇಕೋ?"

"ಧೂಳ್ ಬರಬಾರ್ದು."

"ಧೂಳ್ ಬರೂದಿಲ್ಲ. ಗಾಳೀನೂ ಬರೂದಿಲ್ಲ. ಆಮ್ಯಾಲ ನನಗ ಅನಬ್ಯಾಡ್ರಿ." ಅವಳು ಬೇರಿನ ಹಿಡಿಯೊಂದನ್ನು ಎತ್ತಿ ನನ್ನ ಮುಂದೆ ಆಡಿಸಿದಳು. "ಸಾಲಿ ಕಲತವ್ರು ನೀವು, ಹೇಳಿದಂಗ ಮಾಡ್ತೇನಿ."

ಹಾಗೆಯೇ ಮಾಡಿದಳು. ತಟ್ಟಿ ಬಂದಾಗ ಇಬ್ಬರು ಹಿಡಿದು ಎತ್ತಬೇಕಾಯಿತು. ಬೆಳಕಿಗೆ ಹಿಡಿದರೆ ಒಂದು ಚುಕ್ಕಿಯೂ ಕಾಣಲಿಲ್ಲ. ಕಿಟಕಿಗೆ ಎಲ್ಲಿಯೂ ಸಂದಿ ಉಳಿಯದಂತೆ ಬಿಗಿದೆ. ನನಗೆ ತುಂಬ ಸಮಾಧಾನವಾಯಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೆಳಕಿಂಡಿಯಿಂದಲೂ ಧೂಳು ಇಳಿಯುತ್ತದೆ ಎಂದು ಅದಕ್ಕೆ ಹಲಗೆ ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿತಟ್ಟು ತುರುಕಲು ಹೆಂಡತಿಗೆ ಹೇಳಿದೆ. "ನಾ ಬರೂತನಾ ತಗೀಬ್ಯಾಡ," ಎಂದೂ ಹೇಳಿದೆ.

ಎರಡು ದಿನ ಕೋಣೆ ತಂಪಾಗಿತ್ತು, ಲಾವಂಚದ ವಾಸನೆ ತುಂಬಿತ್ತು. ನೆಲದ ಮೇಲೆ ಬೆರಳು ಆಡಿಸಿ ನೋಡಿದೆ, ಧೂಳಿಲ್ಲ. ಅವಳು ಮಾತ್ರ ತಲೆ ಭಾರವೆಂದಳು. ಹೊಸ ಬೇರಿನ ವಾಸನೆಗೆ ಹಾಗಾಗಿರಬೇಕು ಎಂದು ನಾನೇ ಉತ್ತರ ಹೇಳಿದೆ.

ಮೂರನೆಯ ದಿನ ಮಧ್ಯಾಹ್ನ ಕಾಲುವೆಯ ಮೇಲೆ ಗಾಳಿ ಜೋರಾಗಿ, ಅಳತೆಯ ನಿಶಾನೆಗಳು ನಿಲ್ಲದೆ ಹೋದವು. ಕೆಲಸ ನಿಲ್ಲಿಸಿ ಎಂದಿಗಿಂತ ಎರಡು ತಾಸು ಮೊದಲು ಮನೆಗೆ ಬಂದೆ. ಇದನ್ನು ಬರೆಯುವಾಗ ಆ ಗಾಳಿಯನ್ನು ನೆನೆಯದೆ ಇರಲಾರೆ. ಬಾಗಿಲು ತಳ್ಳಿದೆ. ಅದು ಒಂದು ಗೇಣು ಸರಿದು ನಿಂತಿತು. ಮತ್ತೆ ತಳ್ಳಿದೆ. ಒಳಗೆ ಏನೋ ಮೆತ್ತಗಿನ ಭಾರ ಅಡ್ಡವಾಗಿತ್ತು. ಕೆಳಗೆ ನೋಡಿದರೆ ಗೋಣಿತಟ್ಟು ಕಿತ್ತುಬಂದಿತ್ತು, ಅದರ ಪಕ್ಕದಲ್ಲಿ ಅವಳ ಬಳೆಯ ಕೈ.

ಬದಿಯಾಗಿ ತೂರಿ ಒಳಗೆ ಹೋದೆ. ಅವಳು ಹೊಸ್ತಿಲಿಗೆ ಮುಖವಿಟ್ಟು ಬಿದ್ದಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಎದೆ ಏಳುತ್ತಿತ್ತು, ಆದರೆ ಸದ್ದಿರಲಿಲ್ಲ. ಆ ಕೋಣೆಯ ಗಾಳಿ ನನ್ನ ಮೂಗಿಗೂ ಹಿಡಿಯಿತು. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿದಂತಿತ್ತು. ಬಾಗಿಲನ್ನು ಪೂರ್ತಿ ತೆರೆದೆ. ಕುಡುಗೋಲಿನಿಂದ ತಟ್ಟಿಯ ಹಗ್ಗ ಕೊಯ್ದೆ. ಅದು ಹೊರಗೆ ಧೊಪ್ಪನೆ ಬಿತ್ತು. ಕೋಲಿನಿಂದ ಬೆಳಕಿಂಡಿಯ ಹಲಗೆಯನ್ನು ನೂಕಿದೆ. ಅವಳನ್ನು ಎತ್ತಿ ಕಿಟಕಿಗೆ ತಂದು, ನನ್ನ ಎದೆಗೆ ಆನಿಸಿ ಕೂರಿಸಿದೆ. ನಾನು ಅಷ್ಟು ಹೆದರಿದ್ದ ಗಾಳಿ ಬಿಸಿಯಾಗಿ, ಧೂಳಾಗಿ ನಮ್ಮಿಬ್ಬರ ಮುಖಕ್ಕೂ ಬಡಿಯಿತು.

ಅವಳ ಉಸಿರಿಗೆ ಸದ್ದು ಬಂದದ್ದು ಎಷ್ಟು ಹೊತ್ತಿಗೆ ಎಂದು ಈಗಲೂ ಹೇಳಲಾರೆ. ಮೊದಲು ಸಿಳ್ಳಿನಂಥ ಸದ್ದು, ಆಮೇಲೆ ಕೆಮ್ಮು. ಕೆಮ್ಮು ಕೇಳಿ ಅಷ್ಟು ಸಂತೋಷವಾದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಹೊತ್ತು ಇಳಿಯುವಾಗ ತುಟಿಗೆ ಬಣ್ಣ ಬಂತು. ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಎಲ್ಲಾ... ಅಳದ್ರಿ," ಎಂದಳು. ಸ್ವಲ್ಪ ತಡೆದು, "ಗಾಳಿ ಒಂದ್... ಬಿಟ್ರಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ನಗಲು ಯತ್ನಿಸುತ್ತಿದ್ದಳು. ಅವಳನ್ನು ಅಂಕಲಗಿಯ ತವರಿಗೆ ಕಳಿಸಿಬಿಡುತ್ತೇನೆ, ಬೇಸಿಗೆ ಮುಗಿದ ಮೇಲೆ ಕರೆತರುತ್ತೇನೆ ಎಂದೆ. ಅಲ್ಲಿಯೂ ಅದೇ ಎರೆಮಣ್ಣು, ಅದೇ ಗಾಳಿ ಎಂದು ನನಗೂ ಗೊತ್ತಿತ್ತು. ಅವಳು ತಲೆ ಅಲ್ಲಾಡಿಸಿ, ಹೊರಗೆ ಬಿದ್ದಿದ್ದ ತಟ್ಟಿಯ ಕಡೆ ಬೆರಳು ತೋರಿಸಿದಳು. "ಅಜ್ಜೀನ ಕರೀರಿ."

ಮರುದಿನ ಬೆಳಿಗ್ಗೆ ಅಜ್ಜಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವಳು ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆಯೇ ನಡೆದಳು. ತಟ್ಟಿಯನ್ನು ಅಂಗಳದಲ್ಲಿ ಗೋಡೆಗೆ ಆನಿಸದೆ, ನಡುವೆ ನೆಟ್ಟಗೆ ನಿಲ್ಲಿಸಿ ನನಗೆ ಹಿಡಿಯಲು ಹೇಳಿದಳು. ಒಂದು ಕಡೆ ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿದಳು. ತಾನು ಇನ್ನೊಂದು ಕಡೆ ಕೂತು, ಅಂಗೈಯನ್ನು ನೀರಿನಲ್ಲಿ ಅದ್ದಿ ತಟ್ಟಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದಳು.

"ಊದವ್ವಾ, ನನ್ನ ಮಗಳ. ಎಷ್ಟ ಆಗತೈತಿ ಅಷ್ಟ. ಜೋರ್ ಮಾಡಬ್ಯಾಡ."

ನನ್ನ ಹೆಂಡತಿ ಊದಿದಳು.

"ಇಲ್ಲ, ಬರಲಿಲ್ಲ." ಅಜ್ಜಿ ಒಂದು ಹಿಡಿ ಬೇರು ಕಿತ್ತು ಪಕ್ಕಕ್ಕೆ ಹಾಕಿದಳು. "ಈಗ ಊದು."

ಹೀಗೆ ಹಿಡಿ ಹಿಡಿಯಾಗಿ ಬೇರು ಹೊರಗೆ ಬಂತು. ನಡುನಡುವೆ ನನ್ನ ಹೆಂಡತಿ ಸುಧಾರಿಸಿಕೊಳ್ಳುತ್ತಿದ್ದಳು. ಅಜ್ಜಿ ಕಾಯುತ್ತಿದ್ದಳು, ಎಲೆಅಡಿಕೆ ಅಗಿಯುತ್ತಿದ್ದಳು. ನಾನು ಅವಸರ ಮಾಡಿ, "ನಾನು ಊದ್ಲೇನು?" ಎಂದೆ.

"ನೀವ್ ಊದಿದ್ರ ಎತ್ತಿನ ಗಾಡೀನ ಹಾರತೈತಿ. ಮಲಗಾಕಿ ಅಕಿ, ಉಸರೂ ಅಕೀದ ಬೇಕು. ಸುಮ್ನ ಹಿಡೀರಿ."

ಅರ್ಧಕ್ಕಿಂತ ಹೆಚ್ಚು ಬೇರು ನೆಲಕ್ಕೆ ಬಿದ್ದಿತ್ತು. ನನ್ನ ಹೆಂಡತಿ ಮತ್ತೊಮ್ಮೆ ಊದಿದಳು. ಅಜ್ಜಿಯ ಬೆರಳುಗಳು ಮೆಲ್ಲಗೆ ಅಲ್ಲಾಡಿದವು. "ಹಾಂ, ಬಂತು. ತಣ್ಣಗ ಬಂತು. ಅಕಿ ಉಸರು ನನಗ ಮುಟ್ಟಿತಂದ್ರ ಹೊರಗಿನ ಗಾಳಿ ಅಕಿಗೆ ಮುಟ್ಟತೈತಿ." ತಾನು ತಟ್ಟಿ ಹಿಡಿದುಕೊಂಡು, ನನ್ನ ಅಂಗೈಯನ್ನೂ ಒದ್ದೆ ಮಾಡಿಸಿ ಅಲ್ಲಿ ಹಿಡಿಸಿದಳು. ಒದ್ದೆ ಚರ್ಮದ ಮೇಲೆ ಒಂದು ಎಳೆಯಷ್ಟು ತಂಪು ಬಂದು ಹೋಯಿತು. ಅದಕ್ಕೆ ನನ್ನ ಟೇಪಿನಲ್ಲಿ ಇಂಚು ಇರಲಿಲ್ಲ.

ತಟ್ಟಿಯ ಆಚೆ ನನ್ನ ಹೆಂಡತಿಯ ಮುಖ ಕಾಣುತ್ತಿತ್ತು. "ಇಷ್ಟ ತೆಳ್ಳಗಾದ್ರ ಧೂಳು?" ಎಂದು ಕೇಳದೆ ಇರಲಾಗಲಿಲ್ಲ.

"ತೊಯ್ದ ಬೇರು ಧೂಳ್ ಹಿಡೀತೈತಿ, ಗಾಳಿ ಬಿಡತೈತಿ. ಒಣಗಾಕ ಬಿಡಬ್ಯಾಡ್ರಿ. ಎಂಟ್ ದಿನಕ್ಕೊಮ್ಮಿ ಇಳಿಸಿ ತೊಳೀರಿ. ಮ್ಯಾಲಿನ ಕಿಂಡಿ ತಗದ ಇಡ್ರಿ. ಬಂದ ಗಾಳಿ ಹೋಗಾಕ ದಾರಿ ಬ್ಯಾಡೇನು? ಬೀಗ್ರ ಬಂದ್ರ ಬಾಗಲಾ ಹಾಕ್ಕೊಂಡ ಕೂಡಸ್ತೀರೇನು?"

ಅಂದೇ ತಟ್ಟಿ ಕಟ್ಟಿದೆವು. ಬೆಳಕಿಂಡಿ ತೆರೆದಿಟ್ಟು, ಅದರ ಬಾಯಿಗೆ ತೆಳ್ಳಗಿನ ಹಳೆಯ ಧೋತರ ಬಿಗಿದೆ. ನಾಲ್ಕು ದಿನ ನಾನು ಕಚೇರಿಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೂತು, ಅವಳ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡಿದೆ. ಧೋತರ ಹೊರಕ್ಕೆ ಉಬ್ಬುತ್ತಿತ್ತು. ಕೋಣೆಯ ಗಾಳಿ ನಡೆಯುತ್ತಿದೆ ಎಂದು ಅದರಿಂದ ತಿಳಿಯುತ್ತಿತ್ತು. ಎಂಟನೆಯ ದಿನ ತಟ್ಟಿ ಇಳಿಸಿ ತೊಳೆದಾಗ ಅದರಿಂದ ಬೋಗುಣಿಗೆ ಇಳಿದ ನೀರು ಕಪ್ಪಾಗಿತ್ತು. ಅಷ್ಟೂ ಮಣ್ಣು ಅವಳ ಎದೆಗೆ ಹೋಗದೆ ಹೊರಗೆ ಉಳಿದಿತ್ತು. ಆ ಬೋಗುಣಿಯನ್ನು ಅವಳಿಗೆ ತೋರಿಸಿದೆ. ಅವಳು ಬಗ್ಗಿ ನೋಡಿ, "ಇದರಾಗ ಜ್ವಾಳಾ ಬಿತ್ತಬಹುದು," ಎಂದಳು.

ದಮ್ಮು ಹೋಗಲಿಲ್ಲ. ಅದು ಹೋಗುವ ರೋಗವಲ್ಲ. ಆದರೆ ಚೈತ್ರ ಕಳೆಯಿತು, ವೈಶಾಖ ಬಂತು, ಅವಳು ಮಧ್ಯಾಹ್ನ ಮಲಗಿ ಏಳುತ್ತಿದ್ದಳು. ನಾನು ಮಾತ್ರ ಕಚೇರಿಯಿಂದ ನಡುವೆ ಒಮ್ಮೆ ಓಡಿಬಂದು, ಬಾಗಿಲಲ್ಲಿ ನಿಂತು ನೋಡಿ ಹೋಗುವ ಅಭ್ಯಾಸ ಬಿಡಲಿಲ್ಲ. ಹಾಗೆ ನಿಂತಿದ್ದ ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದಳು, ಎದ್ದು ಕೂತಳು.

"ಏನ್ ನಿಂತೀರಿ ಹಂಗ ಬಾಗಲದಾಗ ಕಂಬದಂಗ, ನಾ ಉಸರಾಡೂದ ನೋಡಾಕ ಸರಕಾರದವ್ರು ನಿಮಗ ಪಗಾರ ಕೊಡ್ತಾರೇನು, ಆ ಕೊಡದಾಗ ಹನಿ ನೀರಿಲ್ಲ, ತಟ್ಟಿ ಒಣಗಾಕತ್ತೈತಿ, ಬಂದೀರಿ ಅಂದಮ್ಯಾಲ ಎರಡ ಕೊಡ ನೀರ ತಂದ ಹಾಕ್ರಿ, ಹೋಗೂವಾಗ ಆ ಅಜ್ಜಿಗೆ ರೊಟ್ಟಿ ಕಟ್ಟಿಟ್ಟೇನಿ ಕೊಟ್ಟ ಹೋಗ್ರಿ!"

ಉಸಿರಿಗೆಂದು ಅವಳು ನಡುವೆ ಎಲ್ಲಿಯೂ ನಿಲ್ಲಲಿಲ್ಲ. ನಾನು ಕೊಡ ಎತ್ತಿಕೊಂಡು ಬಾವಿಗೆ ಹೋದೆ.