ಗೋಡೆಯ ಹೊರಗಿನ ಹಾಡು

ಹಾಡಲು ಬಾಯಿ ತೆರೆದರೆ ದೊಡ್ಡಮ್ಮನ ಕುತ್ತಿಗೆಯ ನರ ಅವರು ಕಟ್ಟುವ ಬೀಡಿಯಷ್ಟೇ ದಪ್ಪಗೆ ಉಬ್ಬುತ್ತಿತ್ತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಲೇ ಹಾಡುತ್ತಿದ್ದರು, ಎಲ್ಲ ತುಳು ಹಾಡುಗಳೇ. ನನ್ನ ಶ್ರುತಿ ತಪ್ಪಿದರೆ ಕತ್ತರಿಯ ಹಿಡಿಯಿಂದ ಮೊಣಕಾಲಿಗೆ ಒಂದು ಬೀಳುತ್ತಿತ್ತು.

ನಮ್ಮ ಕಡೆ ಕ್ರಿಶ್ಚಿಯನ್ನರೆಂದರೆ ಜನರ ಕಣ್ಣಿಗೆ ಕೊಂಕಣಿ ಮಾತಾಡುವ ಕೆಥೊಲಿಕರು ಮಾತ್ರ. ಜರ್ಮನ್ ಪಾದ್ರಿಗಳ ಕಾಲದಲ್ಲಿ ಪ್ರೊಟೆಸ್ಟಂಟರಾದ ತುಳುವರು ನಾವು, ಬೆರಳೆಣಿಕೆಯ ಮನೆಯವರು. ಮುತ್ತಜ್ಜನನ್ನು ಮನೆಯವರು ಹೊರಗೆ ಹಾಕಿದಾಗ ಆ ಪಾದ್ರಿಗಳು ಮಗ್ಗದ ಕೆಲಸ ಕಲಿಸಿದರು, ತುಳುವಿನಲ್ಲೇ ದೇವರನ್ನು ಕರೆಯಲು ಹಾಡು ಕೊಟ್ಟರು. ಮಗ್ಗ ಹೋಯಿತು, ಹಾಡು ಉಳಿಯಿತು.

ದೊಡ್ಡಮ್ಮನ ತಂಗಿ, ಅಂದರೆ ನನ್ನ ಅಮ್ಮ, ಬೆಳ್ತಂಗಡಿ ಕಡೆಯ ಕೆಥೊಲಿಕ್ ಮನೆಗೆ ಮದುವೆಯಾಗಿ ಹೋದರು. ಕಾಯಿಲೆ ಜೋರಾದಾಗ ಅಕ್ಕನ ಹತ್ತಿರ ಕೇಳಿದ್ದು ಒಂದೇ: "ಅಕ್ಕಾ, ಮಣ್ಣು ಮಾಡುವಾಗ ನಮ್ಮ ಹಾಡು ಹಾಡ್ಬೇಕು, ಆಯ್ತಾ?"

ಗುಂಡಿಯ ಬಳಿ ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ದೊಡ್ಡಮ್ಮ ಬಾಯಿ ತೆರೆದರು. ಅಪ್ಪನ ಅಣ್ಣ ಕೈ ಅಡ್ಡ ಹಿಡಿದರು. "ನಿಮ್ಮ ಪದ್ಯ ಎಲ್ಲ ಇಲ್ಲಿ ಬೇಡ. ನಮಗೆ ಮರ್ಯಾದೆ ಉಂಟು." ಅಪ್ಪ ತಲೆ ತಗ್ಗಿಸಿ ನಿಂತರು. ಹಾಡಿಲ್ಲದೆ ಅಮ್ಮನ ಮೇಲೆ ಮಣ್ಣು ಬಿತ್ತು. ಅವತ್ತೇ ದೊಡ್ಡಮ್ಮ ನನ್ನನ್ನು ಎತ್ತಿಕೊಂಡು ತಮ್ಮ ಊರು ಸಿದ್ಧಕಟ್ಟೆಗೆ ಬಂದರು. ಯಾರೂ ತಡೆಯಲಿಲ್ಲ.

ನವೆಂಬರಿನಲ್ಲಿ ಕೆಥೊಲಿಕರು ತಮ್ಮ ಸತ್ತವರ ಗೋರಿಗಳಿಗೆ ಹೂವು, ಮೇಣದಬತ್ತಿ ಇಟ್ಟು ಪ್ರಾರ್ಥಿಸುವ ದಿನವೊಂದಿದೆ. ಪ್ರತಿ ವರ್ಷ ಆ ದಿನ ದೊಡ್ಡಮ್ಮ ಮದುವೆಗೆ ಉಡುವ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಅಮ್ಮನನ್ನು ಮಣ್ಣು ಮಾಡಿದ ಜಾಗದ ಗೋಡೆಯ ಹೊರಗೆ ನಿಂತು, ಒಳಗಿನವರಿಗೆಲ್ಲ ಕೇಳುವ ಹಾಗೆ ಆ ಹಾಡನ್ನು ಪೂರ್ತಿ ಹಾಡುತ್ತಿದ್ದರು. ಮೊದಲ ಸಲ ಅಪ್ಪನ ಅಣ್ಣ ಓಡಿ ಬಂದರು.

"ಬಾಯಿ ಮುಚ್ತೀರಾ ಇಲ್ವಾ?"

"ರಸ್ತೆ ಸರಕಾರದ್ದು ಮಾರಾಯ್ರೆ. ನಿಮ್ಮ ಮರ್ಯಾದೆ ಗೋಡೆ ಒಳಗೆ ಇಟ್ಕೊಳ್ಳಿ," ಎಂದು ದೊಡ್ಡಮ್ಮ ಮತ್ತೆ ಮೊದಲಿನಿಂದ ಶುರು ಮಾಡಿದರು. ಆ ಮನುಷ್ಯನ ಮುಖ ಕೆಂಪಾದದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ನಮ್ಮ ಪಾಸ್ಟರ್ ಕ್ಷಮೆಯ ಮಾತೆತ್ತಿದರೆ ದೊಡ್ಡಮ್ಮ ಬೀಡಿಗೆ ನೂಲು ಸುತ್ತುತ್ತಲೇ ಹೇಳುತ್ತಿದ್ದರು: "ಏಳೆಪ್ಪತ್ತು ಸಲ ಕ್ಷಮಿಸ್ಬೇಕು ಅಂತ ಬೈಬಲಿನಲ್ಲಿ ಉಂಟು, ಹೌದು. ಆ ಮನುಷ್ಯ ಒಂದು ಸಲ ಕೇಳ್ಲಿ, ನೋಡುವ."

ಕಳೆದ ಮಾರ್ಚಿನಲ್ಲಿ ದೊಡ್ಡಮ್ಮ ತೀರಿಕೊಂಡರು. ಮಣ್ಣು ಮಾಡುವ ದಿನ ನಮ್ಮ ಚರ್ಚಿನ ಪುಟ್ಟ ಸಮಾಧಿ ಭೂಮಿಯ ಗೇಟಿಗೆ ಅಪ್ಪನ ಅಣ್ಣ ಬಂದರು, ಕೋಲು ಊರಿಕೊಂಡು, ಕೈಯಲ್ಲಿ ಜಪಮಾಲೆ.

"ಮಗಾ, ಒಂದು ಜಪ ಮಾಡಿ ಹೋಗ್ತೇನೆ. ಹಳೆಯದೆಲ್ಲ ಬಿಡುವ."

ತಪ್ಪಾಯಿತು ಎಂಬ ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

"ರಸ್ತೆ ಸರಕಾರದ್ದು. ಅಲ್ಲಿ ನಿಂತು ಮಾಡಿ," ಎಂದು ಗೇಟು ಎಳೆದೆ.

ಅಷ್ಟು ಮುದುಕರ ಮೇಲೆ ಕರುಣೆ ಬೇಡವೇ ಎಂದು ಕೇಳಿದವರಿದ್ದಾರೆ. ಬೇಡ. ಅಮ್ಮನ ಮೇಲೆ ಬಿದ್ದ ಮಣ್ಣಿನ ಸದ್ದು ನನಗೆ ಇನ್ನೂ ಕೇಳುತ್ತದೆ. ದೊಡ್ಡಮ್ಮನ ಗುಂಡಿಯ ಬಳಿ ಹಾಡನ್ನು ನಾನೇ ಎತ್ತಿದೆ, ರಸ್ತೆಯ ಜಪದ ಒಂದಕ್ಷರವೂ ಒಳಗೆ ಬರದ ಹಾಗೆ. ನವೆಂಬರ್ ಬರಲಿ. ಅಮ್ಮನ ಗೋಡೆಯ ಹೊರಗೆ ಇನ್ನು ನಿಲ್ಲುವುದು ನಾನೇ.