ಎರಡೂ ಕಡೆಯ ಕೈಮಾತು

ಮೊದಲ ಸಲ ಕಂಡಾಗ ಆಕೆಯನ್ನು ನಾನು ಜಗಳಗಂಟಿ ಎಂದೇ ತಿಳಿದಿದ್ದೆ. ಪುರಭವನದ ವೇದಿಕೆಯಲ್ಲಿ ನಾನು ಚರ್ಚೆಯ ಅಧ್ಯಕ್ಷ. ಮುಂದೆ ನೀರಿನ ಲೋಟ, ಬಾರಿಸಲು ಗಂಟೆ, ಮುಖದಲ್ಲಿ ಸಂವಿಧಾನವನ್ನು ನಾನೇ ಬರೆದಂಥ ಗಾಂಭೀರ್ಯ. ನಗರಸಭೆಯ ನೌಕರರು ತಮ್ಮ ಧರ್ಮದ ಗುರುತು ಧರಿಸಿ ಕೆಲಸಕ್ಕೆ ಬರಬಹುದೇ, ಕೂಡದೇ ಎಂಬುದು ವಿಷಯ. ಕೂಡದು ಎನ್ನಲು ಒಬ್ಬ ವಕೀಲರು, ಬರಬಹುದು ಎನ್ನಲು ಒಬ್ಬ ಮೇಷ್ಟರು. ವೇದಿಕೆಯ ಮೂಲೆಯಲ್ಲಿ ಕಪ್ಪು ಅಂಗಿಯ ಹೆಂಗಸೊಬ್ಬಳು ಕೆನ್ನೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ, ಗಾಳಿಗೆ ಗುದ್ದುತ್ತಿದ್ದಳು. "ಆಯಮ್ಮನಿಗೆ ಸ್ವಲ್ಪ ಸಮಾಧಾನ ಹೇಳಿ" ಎಂದು ಕಾರ್ಯದರ್ಶಿಯ ಕಿವಿಯಲ್ಲಿ ಉಸುರಿದೆ.

"ಕಿವಿ ಕೇಳದವರಿಗೆ ಭಾಷಣಾನ ಕೈಸನ್ನೇಲಿ ಹೇಳ್ತಿದಾರೆ ಸಾರ್. ಆ ಸಿಟ್ಟು ವಕೀಲರದ್ದು" ಎಂದರು ಅವರು.

ನಿಜ. ವಕೀಲರು "ನಂಬಿಕೆ ಮನೆಯೊಳಗಿರಲಿ" ಎಂದು ಗುಡುಗಿದರೆ ಆಕೆಯ ಕೈಗಳು ದಡಾರನೆ ಬಾಗಿಲು ಮುಚ್ಚುತ್ತಿದ್ದವು. ಮೇಷ್ಟರು "ನಂಬಿಕೆ ಕಳಚಿಡೋ ಕೋಟಲ್ಲ, ಸಂವಿಧಾನ ಅದನ್ನ ಬೀದಿಗೂ ಕೊಟ್ಟಿದೆ" ಎಂದರೆ ಅದೇ ಕೈಗಳು ಎದೆಗವಚಿಕೊಳ್ಳುತ್ತಿದ್ದವು. ಮೊದಲ ಸಾಲಿನಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದವನು ಆಕೆಯ ತಮ್ಮ. ಹುಟ್ಟಿನಿಂದಲೇ ಕಿವಿ ಕೇಳದು. ನಗರಸಭೆಯ ನೀರಿನ ವಿಭಾಗದಲ್ಲಿ ಮೀಟರ್ ರಿಪೇರಿ ಕೆಲಸ. ಕೊರಳಲ್ಲಿ ತನ್ನ ದೇವರ ಪದಕ. ಅದನ್ನು ಬಿಚ್ಚಿಸಬೇಕೆಂಬ ವಕೀಲರ ವಾದವನ್ನೂ ಅಕ್ಕನೇ, ಒಂದಕ್ಷರ ಬಿಡದೆ, ಅವನಿಗೆ ಹೇಳಬೇಕಿತ್ತು.

ವಾರದೊಳಗೆ ಯಾರೋ ಆಕೆಯ ವಿಡಿಯೊ ತುಣುಕನ್ನು ಧ್ವನಿ ತೆಗೆದು ಹಂಚಿದರು. ಒಂದು ಗುಂಪು, ನಮ್ಮ ದೇವರನ್ನು ಅಣಕಿಸಿದಳು ಎಂದಿತು. ಇನ್ನೊಂದು, ಇಲ್ಲ, ಅಣಕಿಸಿದ್ದು ನಮ್ಮನ್ನು ಎಂದಿತು. ತಪ್ಪು ಆಕೆಯದೇ ಎಂಬುದೊಂದರಲ್ಲಿ ಮಾತ್ರ ಇಬ್ಬರಿಗೂ ಪರಮ ಐಕಮತ್ಯ. ಆಕೆಯ ಮನೆಯೆದುರಿನ ಕಂಬದ ಕೆಳಗೆ ಇಬ್ಬರು ಗಂಡಸರು ನಿಲ್ಲತೊಡಗಿದರು. ಏನೂ ಮಾಡುತ್ತಿರಲಿಲ್ಲ, ನಿಲ್ಲುತ್ತಿದ್ದರು, ಅಷ್ಟೆ.

ಆ ಮನೆಯ ಕರೆಗಂಟೆಗೆ ಸದ್ದಿಲ್ಲ. ಗುಂಡಿ ಒತ್ತಿದರೆ, ತಮ್ಮನಿಗೆ ತಿಳಿಯಲೆಂದು, ನಡುಮನೆಯಲ್ಲಿ ಕೆಂಪು ಬಲ್ಬು ಹತ್ತುತ್ತದೆ. ಒಂದು ಸಂಜೆ ಅದು ಹತ್ತಿತು, ಆರಿತು, ಮತ್ತೆ ಹತ್ತಿತು. ನಿಲ್ಲಲೇ ಇಲ್ಲ. ಬಾಗಿಲಿಗೆ ಬೀಳುತ್ತಿದ್ದ ಒದೆತ, ಬೈಗುಳ ಅಕ್ಕನಿಗೆ ಕೇಳುತ್ತಿದ್ದವು. ತಮ್ಮನಿಗೆ ಕಂಡದ್ದು ದೀಪ ಮಾತ್ರ. ಯಾರೋ ನೆಂಟರು ಬಂದರೆಂದು ನಗುನಗುತ್ತಾ ಚಿಲಕಕ್ಕೆ ಕೈ ಹಾಕಿದ. ಆಕೆ ಹಾರಿ ಅವನ ಕಾಲರ್ ಹಿಡಿದೆಳೆದಳು, ಇಬ್ಬರೂ ನೆಲಕ್ಕುರುಳಿದರು. ತಾಯಿ ಪಾತ್ರೆಯ ಕಪಾಟನ್ನು ಬಾಗಿಲಿಗೆ ತಳ್ಳಿದರು. ಆ ಕೆಂಪು ಬೆಳಕಿನಲ್ಲಿ ತಮ್ಮ ಕೇಳುತ್ತಲೇ ಇದ್ದ: ಯಾರು? ಯಾಕೆ? ಉತ್ತರ ಹೇಳಲು ಆಕೆಯ ಬೆರಳುಗಳು ಮಾತು ಕೇಳಲಿಲ್ಲ. ಆಮೇಲೆ ಬಂದ ಪೊಲೀಸರು ಗುಂಡಿ ಒತ್ತಿ ನೋಡಿ, ಬಲ್ಬು ಚೆನ್ನಾಗಿಯೇ ಉರಿಯುತ್ತಿದೆ ಎಂದು ಹೇಳಿ ಹೋದರಂತೆ.

ಎರಡನೆಯ ಸುತ್ತಿನ ಚರ್ಚೆಗೆ ಆಕೆಯನ್ನು ಕರೆಯಲು ನಾನೇ ಆ ಮನೆಗೆ ಹೋದೆ. ಮೂಲಭೂತ ಹಕ್ಕು, ಪ್ರಜೆಗಳ ಧೈರ್ಯ ಎಂದೆಲ್ಲ ಚೆನ್ನಾಗಿ ಕೊರೆದೆ.

"ಸಾರ್, ಈ ಭಾಷಣ ಬಾಗಿಲಿಗೆ ಒರಗಿಸಿ ಇಡೋಕೆ ಬರುತ್ತಾ?" ಎಂದಳು.

"ಹಾಗಾದ್ರೆ ಬರಲ್ವಾ?"

"ಬರದೆ ಏನ್ಮಾಡ್ಲಿ? ಇವನ ಕೊರಳಿನ ವಿಷಯ ಊರೆಲ್ಲ ಮಾತಾಡುತ್ತೆ, ಇವನೊಬ್ಬನಿಗೆ ಗೊತ್ತಾಗಬಾರದಾ? ಈ ಕೆಲಸಕ್ಕೆ ಊರಲ್ಲಿ ಇನ್ಯಾರಿದಾರೆ ಹೇಳಿ."

"ಹೋಗಮ್ಮಾ, ಹೋಗು" ಎಂದರು ತಾಯಿ ಒಳಗಿನಿಂದ. "ಕಪಾಟು ತಳ್ಳೋಕೆ ನಾನೊಬ್ಬಳು ಇದೀನಲ್ಲ!"

ಚರ್ಚೆಯ ದಿನ ಕಂಬದ ಕೆಳಗಿನ ಆ ಇಬ್ಬರೂ ತಮ್ಮನ ಬೆನ್ನ ಹಿಂದೆಯೇ ಬಂದು ಕೂತರು. ನನ್ನ ಕೈಯಲ್ಲಿದ್ದ ಗಂಟೆ ನಾನು ಬಾರಿಸದೆಯೇ ಸದ್ದು ಮಾಡುತ್ತಿತ್ತು. ಆಕೆಯ ಕೈಮಾತು ತೊದಲಿತು. ತಮ್ಮ ಬೆರಳು ತಿರುಗಿಸಿದ: ಇನ್ನೊಮ್ಮೆ. ಹೇಳಿದಳು. ಅವನು ಮತ್ತೆ ಬೆರಳು ತಿರುಗಿಸಿದ. ಅಷ್ಟರಲ್ಲಿ ಹಿಂದಿನವರಲ್ಲೊಬ್ಬ ಎದ್ದು, ಸಾಲು ದಾಟಿ, ವೇದಿಕೆಯ ಬುಡಕ್ಕೆ ಬಂದು ಆಕೆಯೆದುರು ನಿಂತ.

"ಏನಮ್ಮಾ, ಒಂದ್ಸಲ ಅವರ ಮಾತು, ಒಂದ್ಸಲ ಇವರ ಮಾತು. ಸರಿಯಾಗಿ ಹೇಳು, ನೀನು ಯಾರ ಕಡೆ?"

ಆ ಪ್ರಶ್ನೆಯನ್ನೂ ತಮ್ಮನಿಗೆ ಹೇಳಲೆಂದು ಕೈಯೆತ್ತಿದ ಆಕೆ, ಅತ್ತಿತ್ತ ಬಾಗಿ ನೋಡಿ, ಬಾಯಿಬಿಟ್ಟೇ ಹೇಳಿದಳು:

"ನನ್ನ ತಮ್ಮನಿಗೆ ಕಾಣ್ತಿಲ್ಲ. ಪಕ್ಕಕ್ಕೆ ಸರಿ."